ಐದನೇ ಪೆನಾಲ್ಟಿ

"ಗಾಳಿ ಬಿಟ್ರೆ ಹಿಡಿಯುತ್ತೆ ಸರ್," ಎಂದ ಗೋಲ್‌ಕೀಪರ್ ಹುಡುಗ.

ತಂಡದ ಸಹಾಯಕ, ಊರವರ ಬಾಯಲ್ಲಿ ಲಾರಿ, ಶವಪೆಟ್ಟಿಗೆಯ ಮುಚ್ಚಳವನ್ನು ಎರಡನೆಯ ಸಲ ಎತ್ತಿ ಹಿಡಿದು ನಿಂತಿದ್ದ. ಒಳಗೆ ಗ್ಲೋಬ್ ಮೇಷ್ಟ್ರು ಕಂದು ಕೋಟು ತೊಟ್ಟು, ತರಗತಿಯಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರಲ್ಲ, ಹಾಗೆ ಮಲಗಿದ್ದರು. ಅವರ ಪಾದಗಳ ನಡುವೆ ಶಾಲೆಯ ತಂಡದವರು ಒಂದು ಫುಟ್‌ಬಾಲ್ ಇಟ್ಟಿದ್ದರು. ಹನ್ನೊಂದು ಆಟಗಾರರು, ಐವರು ಬದಲಿಯವರು, ಎಲ್ಲರೂ ಅದರ ಮೇಲೆ ಸಹಿ ಹಾಕಿದ್ದರು. ಮುಚ್ಚಳ ಹಾಕಿದರೆ ಚೆಂಡು ಅಡ್ಡ ಬರುತ್ತಿತ್ತು. ಚೆಂಡನ್ನು ಒತ್ತಿದರೆ ಮೇಷ್ಟ್ರ ಎಡಗಾಲು ಹೊರಳುತ್ತಿತ್ತು.

"ಗಾಳಿ ಹೋದ ಚೆಂಡು ಕೊಟ್ಟು ಕಳಿಸ್ತೀರೇನ್ರೋ ಮೇಷ್ಟ್ರನ್ನ?" ಎಂದ ಲಾರಿ.

ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಹೆಂಡತಿ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟರು. "ತೆಗೀರಪ್ಪ ಅದನ್ನ. ಅವರಿಗೆ ಚೆಂಡು ಕಂಡ್ರೆ ಆಗ್ತಿರಲಿಲ್ಲ."

ಹುಡುಗರು ಮುಖ ಮುಖ ನೋಡಿಕೊಂಡರು. ದುಃಖದಲ್ಲಿರುವವರು ಏನೇನೋ ಅನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬಾರದು ಎಂದು ಲಾರಿ ಕಣ್ಣಲ್ಲೇ ಹೇಳಿದ. ಮೂವತ್ತು ವರ್ಷ ಹೈಸ್ಕೂಲಿನ ತಂಡವನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗಿದ ಮನುಷ್ಯನಿಗೆ ಚೆಂಡು ಕಂಡರೆ ಆಗುತ್ತಿರಲಿಲ್ಲವಂತೆ! ಆದರೂ ಅವನು ಚೆಂಡನ್ನು ಹೊರತೆಗೆದು ಗೋಲ್‌ಕೀಪರ್ ಕೈಗೆ ಕೊಟ್ಟ. ಮುಚ್ಚಳ ಸಲೀಸಾಗಿ ಕೂತಿತು.

ಮೇಷ್ಟ್ರು ಭೂಗೋಳದವರು. ಮೂವತ್ತು ವರ್ಷದ ಕೆಳಗೆ ಆಟದ ಮೇಷ್ಟ್ರು ಹೇಳದೆ ಕೇಳದೆ ಕೆಲಸ ಬಿಟ್ಟು ಹೋದಾಗ, ಕೊನೆಯ ಪೀರಿಯಡ್ಡು ಖಾಲಿ ಇದ್ದದ್ದು ಇವರೊಬ್ಬರಿಗೇ. ಆ ಒಂದೇ ತಪ್ಪಿಗೆ ತಂಡ ಅವರ ತಲೆಗೆ ಬಿತ್ತು. ಚೆಂಡನ್ನು ಕಾಲಿನಿಂದ ಮುಟ್ಟಿ ಗೊತ್ತಿರದವರು ಲೈಬ್ರರಿಯಿಂದ ಒಂದು ಪುಸ್ತಕ ತಂದು, ಅರ್ಧ ಓದಿ, ಮಿಕ್ಕ ಅರ್ಧವನ್ನು ತಮ್ಮ ವಿದ್ಯೆಯಿಂದ ತುಂಬಿಸಿಕೊಂಡರು. ಮೈದಾನದ ಅಂಚಿನಲ್ಲಿ ನಿಂತು "ಈಶಾನ್ಯಕ್ಕೆ ಹಾಕೋ, ಈಶಾನ್ಯಕ್ಕೆ!" ಎಂದು ಕೂಗುತ್ತಿದ್ದರು. ಬೇರೆ ಶಾಲೆಯ ಮೈದಾನಕ್ಕೆ ಹೋದರೆ ಮೊದಲು ಜೇಬಿನಿಂದ ದಿಕ್ಸೂಚಿ ತೆಗೆದು, ಹುಡುಗರನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಉತ್ತರ ಯಾವುದೆಂದು ತೋರಿಸುತ್ತಿದ್ದರು. ಎದುರಾಳಿಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಅವರಿಗೆ ಚೆಂಡು ಎಲ್ಲಿಗೆ ಹೋಗುತ್ತದೆಂದು ತಿಳಿಯುವಷ್ಟರಲ್ಲಿ ಅದು ವಾಯವ್ಯದಲ್ಲಿರುತ್ತಿತ್ತು. ಹಾಗೆ ನಾಲ್ಕು ಪಂದ್ಯ ಗೆದ್ದರೆ ಆರು ಸೋತು, ಮೂವತ್ತು ಲೀಗು ಕಳೆದು, ಮೊನ್ನೆ ಮಂಗಳವಾರ ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಒಂದು ನದಿಯನ್ನು ಸಮುದ್ರಕ್ಕೆ ಸೇರಿಸುವ ಮುಂಚೆಯೇ ಮೇಷ್ಟ್ರು ಕುಸಿದರು. ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಎಲ್ಲ ಮುಗಿದಿತ್ತು.

ಲಾರಿ ಅವರ ಸಹಾಯಕ. ಲಾರಿ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರಿಟ್ಟದ್ದು ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಇಪ್ಪತ್ತನಾಲ್ಕು ವರ್ಷದ ಕೆಳಗೆ ಲೀಗಿನ ಫೈನಲ್‌ನಲ್ಲಿ ಅವನು ಒದ್ದ ಪೆನಾಲ್ಟಿ ಗೋಲಿನ ಮೇಲೆ ಹಾರಿ, ಕಾಂಪೌಂಡು ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಮರಳಿನ ಲಾರಿಯೊಳಕ್ಕೆ ಬಿದ್ದು ಲಾರಿಯ ಜೊತೆಗೇ ಹೊರಟುಹೋಯಿತು. ಅಂದಿನಿಂದ ಊರಿಗೆಲ್ಲ ಅವನು ಲಾರಿ. ಕ್ಷೌರದಂಗಡಿಗೆ ಹೋದರೆ "ಏನ್ ಲಾರಿ, ಚೆಂಡು ಸಿಕ್ತಾ?" ಔಷಧಿ ಅಂಗಡಿಗೆ ಹೋದರೆ "ಚೆಂಡು ಸಿಕ್ತಾ?" ಅವನ ಮಾವ ಮದುವೆಯಾಗಿ ಆರು ತಿಂಗಳವರೆಗೆ ಅಳಿಯ ಲಾರಿ ಓಡಿಸುತ್ತಾನೆಂದೇ ತಿಳಿದಿದ್ದರು. ಮೊದಮೊದಲು ಅವನಿಗೂ ನಗು ಬರುತ್ತಿತ್ತು. ಆಮೇಲೆ ನಗುವುದು ಅಭ್ಯಾಸವಾಯಿತು.

ಲಾರಿಯ ಹೆಂಡತಿ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ಅವಳು ಮೂರೂವರೆ ಗಂಟೆ ದೂರದ ನಗರದಲ್ಲಿ ಆಸ್ಪತ್ರೆಯ ನರ್ಸು. ಮಗಳೂ ಅಲ್ಲೇ, ಅವಳ ಜೊತೆ. ಆರು ವರ್ಷದಿಂದ ಲಾರಿ ಭಾನುವಾರದ ಗಂಡ, ಭಾನುವಾರದ ಅಪ್ಪ; ಲೀಗು ಶುರುವಾದರೆ ಆ ಭಾನುವಾರವೂ ಇಲ್ಲ. ಈಗ ಅವಳ ಆಸ್ಪತ್ರೆಯ ಹಿಂದಿನ ಬೀದಿಯ ಶಾಲೆಯಲ್ಲೇ ಆಟದ ಮೇಷ್ಟ್ರ ಕೆಲಸ ಸಿಕ್ಕಿತ್ತು. ಬರುತ್ತೀರೋ ಇಲ್ಲವೋ ಎಂದು ಇವತ್ತು ಸಂಜೆ ಐದರೊಳಗೆ ಹೇಳಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಎರಡನೆಯವರನ್ನು ಕರೆಯುತ್ತೇವೆ ಎಂದಿದ್ದರು. ಮೇಷ್ಟ್ರಿಗೆ ಹೇಗೆ ಹೇಳುವುದು ಎಂದು ಹತ್ತು ದಿನ ಒದ್ದಾಡಿದ್ದ. ಈಗ ಹೇಳಿಸಿಕೊಳ್ಳುವವರೇ ಇರಲಿಲ್ಲ.

"ಹೇಳಿದ್ರಾ?" ಎಂದಳು ಹೆಂಡತಿ, ಬಾಗಿಲ ಬಳಿ.

"ಯಾರಿಗೆ?"

"ಹೆಡ್ ಮಿಸ್ಸಿಗೆ."

"ಹೆಣ ಇನ್ನೂ ಮನೇಲಿದೆ ಕಣೇ."

"ನಾನು ಬೇಡ ಅಂದ್ನಾ? ಹೆಣಕ್ಕೆ ನಾಲ್ಕು ಗಂಟೆಗೆ ಮಣ್ಣು. ನಮಗೆ ಐದು ಗಂಟೆವರೆಗಷ್ಟೇ ಟೈಮ್ ಇರೋದು. ಪಾಪು ಬೆಳಿಗ್ಗೆ ಕೇಳಿದ್ಲು, ಅಪ್ಪ ಸೋಮವಾರದಿಂದ ದಿನಾ ಇರ್ತಾರಾ ಅಂತ."

"ನೀನೇನಂದೆ?"

"ನಿಮ್ಮಪ್ಪನ್ನೇ ಕೇಳು ಅಂದೆ."

ಹೆಡ್ ಮಿಸ್ಸು ಆಗಲೇ ಅವನತ್ತ ಬರುತ್ತಿದ್ದರು. ಅವರು ಒಳ್ಳೆಯವರು, ಕೆಲಸಗಾರ್ತಿ. ಎದುರಿನವರ ಅರ್ಧ ವಾಕ್ಯಕ್ಕೆ ತಮ್ಮ ಅರ್ಧ ಜೋಡಿಸಿ ಮುಗಿಸಿಬಿಡುವುದೊಂದೇ ಅವರ ದೋಷ.

"ಮೇಷ್ಟ್ರೇ, ನೀವು ಗಟ್ಟಿಯಾಗಿರಬೇಕು. ಶನಿವಾರ ಸೆಮಿಫೈನಲ್ಲು. ಹುಡುಗರೆಲ್ಲ ನಿಮ್ಮ ಮುಖಾನೇ ನೋಡ್ತಿದ್ದಾರೆ."

"ಶನಿವಾರ ಇರ್ತೀನಿ ಮೇಡಂ. ಆದ್ರೆ ಅದಾದ ಮೇಲೆ..."

"ಅದಾದ ಮೇಲೆ ಫೈನಲ್ಲು, ಗೊತ್ತು ಬಿಡಿ," ಎಂದು ಅವರು ಅವನ ತೋಳು ತಟ್ಟಿ ಹೂವಿನವನ ಹತ್ತಿರ ಹೋದರು.

ಬಿಸಿತುಪ್ಪ ಬಾಯಲ್ಲಿತ್ತು. ಹೆಂಡತಿ ನೋಡುತ್ತಿದ್ದಳು. ಲಾರಿ ಸುಮ್ಮನೆ ಕುರ್ಚಿಗಳನ್ನು ಸಾಲಾಗಿ ಜೋಡಿಸತೊಡಗಿದ.

*

ಆ ಫೈನಲ್ ದಿನ ಅವನಿಗೆ ಹದಿನಾರು ವರ್ಷ. ತಂಡದಲ್ಲಿ ಅವನದು ಹಿಂದಿನ ಸಾಲಿನ ಎಡಬದಿ, ಮೇಷ್ಟ್ರ ಭಾಷೆಯಲ್ಲಿ ನೈಋತ್ಯ. ಬಂದ ಚೆಂಡನ್ನು ಮುಂದಕ್ಕೆ ಒದೆಯುವುದು, ಯಾರಾದರೂ ಓಡಿಬಂದರೆ ಅಡ್ಡ ನಿಲ್ಲುವುದು, ಇಷ್ಟೇ ಅವನ ಬಾಬತ್ತು. ಶಾಲೆ ಅಲ್ಲಿಯವರೆಗೆ ಫೈನಲ್ಲಿನ ಮುಖ ನೋಡಿರಲಿಲ್ಲ. ಎರಡೂ ಕಡೆ ಒಂದೊಂದು ಗೋಲಾಗಿತ್ತು. ಇನ್ನು ಹತ್ತು ನಿಮಿಷ ಇದೆ ಎನ್ನುವಾಗ ಮೇಷ್ಟ್ರು ಕ್ಯಾಪ್ಟನ್‌ನನ್ನು ಹೊರಕ್ಕೆ ಕರೆದು, ಒಬ್ಬ ದಪ್ಪನೆಯ ಹುಡುಗನನ್ನು ಒಳಕ್ಕೆ ಕಳಿಸಿದರು. ಕ್ಯಾಪ್ಟನ್‌ಗೆ ಕಾಲು ಹಿಡಿದುಕೊಂಡಿರಬೇಕು ಎಂದುಕೊಂಡ ಲಾರಿ. ಹೇಗೋ ಹಲ್ಲು ಕಚ್ಚಿ ಹತ್ತು ನಿಮಿಷ ತಡೆದರು.

ಆಮೇಲೆ ಐದೈದು ಪೆನಾಲ್ಟಿ. ಮೇಷ್ಟ್ರು ಕೈಯಲ್ಲೊಂದು ಚೀಟಿ ಹಿಡಿದು ರೆಫರಿಯ ಹತ್ತಿರ ಹೋದರು. ಏನೋ ಮಾತಾಯಿತು. ರೆಫರಿ ತಲೆಯಾಡಿಸಿದ. ಮೇಷ್ಟ್ರು ಚೀಟಿಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿ, ಬಿಳಿಚಿದ ಮುಖ ಹೊತ್ತು ವಾಪಸು ಬಂದು ನೇರ ಇವನ ಹೆಗಲ ಮೇಲೆ ಕೈಯಿಟ್ಟರು.

"ಐದನೇದು ನೀನು ಹೊಡಿ."

"ನಾನಾ ಸಾರ್? ನಾನು ಯಾವತ್ತೂ ಹೊಡೆದಿಲ್ಲ."

"ನಿನ್ನ ಮೇಲೆ ನನಗೆ ನಂಬಿಕೆ ಇದೆ."

ಅವನ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಹೇಳಿದವರಲ್ಲ. ಹದಿನಾರು ವರ್ಷ ಇವನ ಕೈಲಿ ಏನಾಗುತ್ತೆ ಎಂದು ಕೇಳಿಸಿಕೊಂಡು ಬೆಳೆದವನಿಗೆ ಆ ಒಂದು ವಾಕ್ಯ ಕಾಲಿಗೆ ಇಳಿಯಿತೋ ತಲೆಗೆ ಏರಿತೋ, ಅವನು ಎಷ್ಟು ಜೋರಾಗಿ ಒದ್ದನೆಂದರೆ ಚೆಂಡು ಮರಳಿನ ಲಾರಿ ಹತ್ತಿ ಹೋಯಿತು. ಜನ ನಕ್ಕರು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ. ವಾಪಸು ಬರುವ ಬಸ್ಸಿನಲ್ಲಿ ಇಡೀ ದಾರಿ ಅವನ ಪಕ್ಕದಲ್ಲೇ ಕೂತು ಕಿಟಕಿಯಾಚೆ ನೋಡುತ್ತಿದ್ದರು. ನಂಬಿದವರನ್ನು ಮುಳುಗಿಸಿದೆ ಎಂಬುದು ಅಂದು ಹೊಟ್ಟೆಯೊಳಗೆ ಕೂತದ್ದು ಮತ್ತೆ ಏಳಲೇ ಇಲ್ಲ.

*

ಮೂರು ಗಂಟೆಗೆ ಮನೆಯ ಮುಂದೆ ಶಾಮಿಯಾನದ ಕೆಳಗೆ ಚಹಾ ಹಂಚುತ್ತಿದ್ದರು. ಕ್ಯಾಪ್ಟನ್ ಬಂದಿದ್ದ. ಈಗ ಅವನಿಗೆ ಟೈರಿನ ಅಂಗಡಿ, ಮುಂದೆ ಹೊಟ್ಟೆ, ಹಿಂದೆ ಬೋಳು. ಆದರೂ ಊರಿಗೆ ಅವನು ಕ್ಯಾಪ್ಟನ್ನೇ. ಪಾಪದ ಪಾಲು ಲಾರಿಗೆ, ಪದವಿ ಅವನಿಗೆ. ತಂಡದ ಹುಡುಗರು ಅವನ ಸುತ್ತ ಕೂತಿದ್ದರು. ಅತ್ತು ಕೆಂಪಾದ ಕಣ್ಣುಗಳನ್ನು ತೋಳಿನಿಂದ ಒರೆಸಿಕೊಳ್ಳುತ್ತಾ ಅವನು ಅವರನ್ನು ನಗಿಸಲು ನೋಡುತ್ತಿದ್ದ.

"ನಿಮ್ ಗ್ಲೋಬ್ ಮೇಷ್ಟ್ರು ಒಂದ್ಸಲ ಏನ್ ಮಾಡಿದ್ರು ಗೊತ್ತಾ? ಫೈನಲ್ಲು. ಇನ್ನು ಹತ್ತು ನಿಮಿಷ ಇದೆ. ನನ್ನ ಕರೆದ್ರು. 'ಬಾರೋ, ಕೂತ್ಕೋ, ಕಾಲಿಗೆ ರೆಸ್ಟ್ ಕೊಡು, ಪೆನಾಲ್ಟಿ ಬಂದ್ರೆ ನಿನ್ನ ಕಾಲೇ ಬೇಕು' ಅಂದ್ರು. ನಾನೂ ಭಾರಿ ಬುದ್ಧಿವಂತ, ಶೂ ಬಿಚ್ಚಿ ಕಾಲು ನೀವಿಸ್ಕೊಂಡು ರಾಜನ ಥರ ಕೂತೆ."

"ಆಚೆ ಬಂದವರು ಪೆನಾಲ್ಟಿ ಹೊಡೆಯೋ ಹಾಗಿಲ್ವಲ್ಲ!" ಎಂದ ಗೋಲ್‌ಕೀಪರ್.

"ಅದು ನಿನಗೆ ಗೊತ್ತು. ಅವರ ಪುಸ್ತಕದಲ್ಲಿ ಆ ಪುಟ ಓದಿಸ್ಕೊಂಡಿರಲಿಲ್ಲ. ರೆಫರಿ ಹೇಳ್ದಾಗ ಅವರ ಮುಖ ನೋಡ್ಬೇಕಿತ್ತು. ನಾನು ಒಂದು ಕಾಲಿಗೆ ಶೂ ಹಾಕ್ಕೊಂಡು ನಿಂತಿದ್ದೀನಿ!"

ಹುಡುಗರು ನಕ್ಕರು. ಕ್ಯಾಪ್ಟನ್ನೂ ನಕ್ಕ, ನಗುತ್ತಲೇ ಮತ್ತೆ ತೋಳಿನಿಂದ ಕಣ್ಣೊರೆಸಿಕೊಂಡ. ಅವರ ಹಿಂದೆ ಚಹಾದ ತಟ್ಟೆ ಹಿಡಿದು ನಿಂತಿದ್ದ ಲಾರಿ ಆ ತಟ್ಟೆಯನ್ನು ಖಾಲಿ ಕುರ್ಚಿಯ ಮೇಲಿಟ್ಟ.

"ಮತ್ತೆ ನನ್ನ ಯಾಕೆ ಕಳಿಸಿದ್ರು?"

ಕ್ಯಾಪ್ಟನ್ ತಿರುಗಿ ನೋಡಿದ. "ನಿನಗೆ ಗೊತ್ತಿಲ್ವೇನೋ?"

"ಏನು?"

"ಐದನೇದು ನಂದು ಕಣೋ. ಚೀಟಿಲಿ ನನ್ನ ಹೆಸರಿತ್ತು. ನನ್ನ ಬದಲು ಯಾರಾದ್ರೂ ಬೇಕಿತ್ತು. ಉಳಿದೋರೆಲ್ಲ ತಲೆ ಬಗ್ಗಿಸ್ಕೊಂಡು ಲೇಸ್ ಕಟ್ತಾ ಕೂತಿದ್ರು. ನೀನು ಒಬ್ಬ ಹತ್ತಿರ ನಿಂತಿದ್ದೆ."

"ಹತ್ತಿರ ನಿಂತಿದ್ದೆ," ಎಂದ ಲಾರಿ.

"ಅವರು ನಿನಗೆ ಹೇಳಿದಾರೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ಇಬ್ಬರೂ ದಿನಾ ಒಟ್ಟಿಗೆ..." ಕ್ಯಾಪ್ಟನ್ ಎದ್ದು ನಿಂತ. "ಲಾರಿ. ಬಿಡೋ. ಸತ್ತೋರು."

ಲಾರಿಗೆ ಸಿಟ್ಟು ಬಂತು. ಸತ್ತವರ ಅಂಗಳದಲ್ಲಿ ನಿಂತು ಸತ್ತವರ ಮೇಲೆ ಸಿಟ್ಟಾಗುವುದು ಸರಿಯಲ್ಲ ಎಂದು ಗೊತ್ತಿದ್ದೂ ಬಂತು. ಇಪ್ಪತ್ತನಾಲ್ಕು ವರ್ಷ ಅವನು ಒಂದು ನಂಬಿಕೆಯ ಋಣ ತೀರಿಸುತ್ತಿದ್ದ. ಮೊದಲು ಇದ್ದರಲ್ಲವೇ ನಂಬಿಕೆ! ಮನುಷ್ಯ ಒಬ್ಬ ತಪ್ಪು ಮಾಡಿ, ಗಾಬರಿಯಲ್ಲಿ ಕೈಗೆ ಸಿಕ್ಕ ಹುಡುಗನ ಹೆಗಲು ಹಿಡಿದಿದ್ದ, ಅಷ್ಟೇ. ಇನ್ನೊಂದು ಮಾರು ದೂರ ನಿಂತಿದ್ದರೆ ಇನ್ಯಾರೋ ಲಾರಿಯಾಗುತ್ತಿದ್ದ, ಇವನು ತನ್ನ ಹೆಸರಿನಲ್ಲೇ ಎಲ್ಲೋ ಬದುಕಿರುತ್ತಿದ್ದ.

*

ಶಾಲೆ ಮುಗಿಸಿದ ಮೇಲೆ ಮೂರು ವರ್ಷ ಅವನು ಒಂದು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸಕ್ಕಿದ್ದ. ಒಂದು ಸಂಜೆ ಮೇಷ್ಟ್ರೇ ಅಲ್ಲಿಗೆ ಬಂದರು. ಯಂತ್ರದ ಗದ್ದಲದಲ್ಲಿ ಕೂಗಿ ಹೇಳಬೇಕಾಯಿತು.

"ಚೆಂಡಿನ ಚೀಲ ಹೊರೋಕೆ ಒಬ್ರು ಬೇಕಿತ್ತು. ನನಗೆ ಬೆನ್ನು ನೋವು. ಬರ್ತೀಯಾ?"

ಅವನು ಅವತ್ತೇ ಏಪ್ರನ್ ಬಿಚ್ಚಿಟ್ಟು ಹೋದ. ಕರೆದವರು ಬೇರೆ ಯಾರೇ ಆಗಿದ್ದರೂ ಇಲ್ಲ ಅನ್ನಬಹುದಿತ್ತು. ಚೀಲ ಹೊರುವವನು ಆಮೇಲೆ ಆಟ ಕಲಿಸಿದ. ಪತ್ರ ಬರೆದು, ಪರೀಕ್ಷೆ ಕಟ್ಟಿಸಿ, ಸಹಾಯಕನ ಹುದ್ದೆಯನ್ನೂ ಮೇಷ್ಟ್ರೇ ಕೊಡಿಸಿದರು. ನಾನಿಲ್ಲದಿದ್ದರೆ ಈ ಮನುಷ್ಯನಿಗೆ ಆಫ್‌ಸೈಡ್ ಯಾವುದೆಂದೂ ಗೊತ್ತಾಗುವುದಿಲ್ಲ, ಒಮ್ಮೆ ಕೈಕೊಟ್ಟವನು ಇನ್ನೊಮ್ಮೆ ಕೊಡಬಾರದು ಎಂದು ಲಾರಿ ಉಳಿದ. ಬೇರೆ ಕಡೆ ಕೆಲಸ ಎರಡು ಸಲ ಬಂದಿತ್ತು. ಎರಡು ಸಲವೂ ಹೇಳಲು ಹೋಗಿ ಲೀಗಿನ ವೇಳಾಪಟ್ಟಿ ಮಾತಾಡಿ ವಾಪಸು ಬಂದಿದ್ದ.

ಹೋದ ವಾರ ಸ್ಟಾಫ್ ರೂಮಿನಲ್ಲಿ ಇಬ್ಬರೇ ಇದ್ದರು. ಮೇಷ್ಟ್ರು ಕನ್ನಡಕ ಒರೆಸುತ್ತಾ ಕೂತಿದ್ದರು.

"ಸಾರ್, ನಿಮಗೊಂದು ವಿಷಯ ಹೇಳ್ಬೇಕಿತ್ತು."

"ನನಗೂ ನಿನಗೊಂದು ಹೇಳೋದಿತ್ತು ಕಣೋ. ತುಂಬಾ ದಿನದಿಂದ."

"ಹೇಳಿ ಸಾರ್."

"ಇಲ್ಲ, ನೀನು ಮೊದಲು."

"ಛೆ, ನೀವು ಹೇಳಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವನನ್ನೇ ನೋಡಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ಮಾತಾಡೋಣ ಬಿಡು," ಎಂದು ಇಬ್ಬರೂ ಒಂದೇ ಬಾಯಲ್ಲಿ ಹೇಳಿ, ಇಬ್ಬರಿಗೂ ಹಗುರವಾಗಿ, ತಂತಮ್ಮ ತರಗತಿಗೆ ಹೋದರು.

*

ಅಡುಗೆಮನೆಯಲ್ಲಿ ಮೇಷ್ಟ್ರ ಹೆಂಡತಿ ಒಬ್ಬರೇ ನಿಂತು ತೊಳೆದ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದರು. ಲಾರಿ ನಲ್ಲಿ ನಿಲ್ಲಿಸಿದ.

"ಅಮ್ಮಾ, ಬೆಳಿಗ್ಗೆ ಹೇಳಿದ್ರಲ್ಲ, ಅವರಿಗೆ ಚೆಂಡು ಕಂಡ್ರೆ ಆಗ್ತಿರಲಿಲ್ಲ ಅಂತ. ನಿಜವಾ?"

"ಸುಳ್ಳು ಯಾಕೆ ಹೇಳ್ಲಿ? ಇವತ್ತು?" ಅವರು ಕೈ ಒರೆಸಿಕೊಂಡರು. "ಶನಿವಾರ ಬೆಳಿಗ್ಗೆ ಎದ್ರೆ ಹೊಟ್ಟೆ ಕೆಡೋದು ಅವರಿಗೆ. ಪಂದ್ಯ ಇದೆ ಅಂತ. ಆ ಕೂಗಾಟ, ಆ ಧೂಳು, ಯಾವುದೂ ಅವರಿಗೆ ಸೇರ್ತಿರಲಿಲ್ಲ. ನಕ್ಷೆ ಬರಕೊಂಡು ಕೂತಿರೋಕೆ ಬಿಟ್ರೆ ಊಟಾನೂ ಕೇಳ್ತಿರಲಿಲ್ಲ."

"ಮತ್ತೆ ಬಿಡಬಹುದಿತ್ತಲ್ಲ!"

"ಬಿಡ್ತೀನಿ ಬಿಡ್ತೀನಿ ಅಂತ ಎಷ್ಟು ವರ್ಷ ಅಂದ್ರು. ಆಮೇಲೆ ನೀನು ಸೇರ್ಕೊಂಡೆ. 'ಆ ಹುಡುಗನ ಬದುಕು ನನ್ನಿಂದ ಹಾಳಾಯ್ತು ಕಣೇ, ಅವನೊಂದು ದಾರಿ ಹಿಡಿಯೋವರೆಗೂ ನಾನು ಬಿಟ್ಟು ಹೋದ್ರೆ ಅವನನ್ನೂ ತೆಗೆದುಹಾಕ್ತಾರೆ' ಅನ್ನೋರು. ನೀನು ಯಾವಾಗ ಬೇರೆ ಕಡೆ ಹೋಗ್ತೀಯಾ ಅಂತ ಕಾಯ್ತಾ ಇದ್ರು."

ಲಾರಿ ಕಟ್ಟೆಗೆ ಒರಗಿದ. "ನಾನು ಅವರಿಗೋಸ್ಕರ ಇದ್ದೆ ಅಮ್ಮಾ."

"ಏನಂದೆ?"

"ನನಗೂ ಹೋಗಬೇಕಿತ್ತು. ನಾನು ಹೋದ್ರೆ ಅವರು ಒಬ್ಬರೇ ಆಗ್ತಾರೆ ಅಂತ ಇದ್ದೆ."

ಮೇಷ್ಟ್ರ ಹೆಂಡತಿ ಅವನನ್ನು ನೋಡಿದರು. ತುಟಿ ಒಂದು ಕಡೆಗೆ ಎಳೆಯಿತು. ಅಳು ಬರುತ್ತದೆ ಅಂದುಕೊಂಡ, ಬಂದದ್ದು ನಗು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೈಯೆಲ್ಲ ಅಲುಗುವಂತೆ ನಕ್ಕರು. ಕೊನೆಗೆ ಅದು ಅಳುವೇ ಆಯಿತು. "ಇಬ್ಬರೂ ಸೇರಿ ಒಳ್ಳೆ ಸಂಸಾರ ಮಾಡಿದ್ರಪ್ಪ," ಎಂದರು. "ಇಬ್ಬರಲ್ಲಿ ಒಬ್ರಿಗೆ ಬಾಯಿದ್ದಿದ್ರೆ ಸಾಕಿತ್ತು."

"ಕೆಲಸ ಸಿಕ್ಕಿದೆ ಅಮ್ಮಾ. ಇವಳಿರೋ ಊರಲ್ಲೇ. ಐದು ಗಂಟೆಗೆ ಹೇಳಬೇಕು."

"ಮತ್ತೆ ಇಲ್ಲೇನು ಮಾಡ್ತಿದ್ದೀಯಾ? ಹೇಳು ಹೋಗು. ಅವರಿದ್ದಿದ್ರೆ ನಿನ್ನ ಪೆಟ್ಟಿಗೆ ತಾವೇ ಹೊತ್ಕೊಂಡು ಬಸ್ ಸ್ಟ್ಯಾಂಡಿಗೆ ಬರೋರು."

ಅವನ ಸಿಟ್ಟು ಅಲ್ಲೇ ಕರಗಿತು. ಎಷ್ಟೋ ವರ್ಷದಿಂದ ಬಿಗಿದಿದ್ದ ಅಂಗಿಯ ಗುಂಡಿ ಬಿಚ್ಚಿದಂತಾಯಿತು. ಹೊರಗೆ ಬಂದು ಹೆಂಡತಿಗೆ "ಹೇಳ್ತೀನಿ ಕಣೇ, ಇವತ್ತೇ," ಎಂದ. ಅವಳು ಫೋನು ಮುಂದೆ ಚಾಚಿದಳು. ಅಲ್ಲೇ ತೆಗೆದುಕೊಂಡಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಘಟ್ಟ ಹತ್ತಿದರೂ ಬಿಡದು. ಮೊದಲು ಹೆಡ್ ಮಿಸ್ಸಿಗೆ ಹೇಳಿ, ಆಮೇಲೆ ಹೊಸ ಶಾಲೆಗೆ ಫೋನು ಮಾಡುವುದು ಮರ್ಯಾದೆ ಎನ್ನಿಸಿತು ಅವನಿಗೆ.

"ಎರಡೇ ನಿಮಿಷ," ಎಂದು ಹೋದ.

ಶವದ ವ್ಯಾನು ಬಂದಾಗಿತ್ತು. ಹೆಡ್ ಮಿಸ್ಸು ಹುಡುಗರನ್ನು ಎರಡು ಸಾಲು ಮಾಡಿಸುತ್ತಿದ್ದರು.

"ಮೇಡಂ, ನಾನು ಒಂದು ಮಾತು..."

"ನೀವೇನೂ ಹೇಳಬೇಡಿ ಮೇಷ್ಟ್ರೇ." ಅವರ ಕಣ್ಣು ತುಂಬಿತ್ತು. ಅವನ ಎರಡೂ ಕೈ ಹಿಡಿದುಕೊಂಡರು. "ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತು. ನಿಮ್ಮ ಮುಖದಲ್ಲೇ ಕಾಣ್ತಿದೆ. ಎಲ್ಲಾ ನಾನು ನೋಡ್ಕೋತೀನಿ."

"ಹಾಗಲ್ಲ ಮೇಡಂ, ಐದು ಗಂಟೆಗೆ..."

"ಐದಕ್ಕೆ ಮುಂಚೆ ಮುಗಿಯುತ್ತೆ, ಯೋಚನೆ ಮಾಡಬೇಡಿ. ಹೆಗಲು ಕೊಡಿ ಬನ್ನಿ."

ಆರು ಜನ ಬೇಕಿತ್ತು, ಐದು ಜನ ನಿಂತಿದ್ದರು. ಲಾರಿ ಹೆಗಲು ಕೊಟ್ಟ.

*

ಸ್ಮಶಾನ ಊರಾಚೆ, ಕಬ್ಬಿಣದ ಗೇಟಿನ ಒಳಗೆ. ಗುಂಡಿಯ ಎರಡೂ ಬದಿಗೆ ಹಸಿ ಮಣ್ಣಿನ ಗುಡ್ಡೆ. ಪೆಟ್ಟಿಗೆಯ ಕೆಳಗೆ ಎರಡು ಹಗ್ಗ ಹಾಯಿಸಿದ್ದರು. ತಲೆಯ ಕಡೆಯ ಹಗ್ಗವನ್ನು ಗಣಿತದ ಮೇಷ್ಟ್ರೂ ವ್ಯಾನಿನ ಚಾಲಕನೂ ಹಿಡಿದರು. ಕಾಲಿನ ಕಡೆಯದನ್ನು ಈ ಬದಿ ಲಾರಿ, ಆ ಬದಿ ಕ್ಯಾಪ್ಟನ್.

"ಒಟ್ಟಿಗೆ ಬಿಡಿ. ಒಬ್ರು ಅವಸರ ಮಾಡಿದ್ರೆ ಪೆಟ್ಟಿಗೆ ವಾಲುತ್ತೆ," ಎಂದ ಗುಂಡಿ ತೋಡಿದವನು. ದಿನವೂ ಇದೇ ಕೆಲಸ ಮಾಡುವವನ ದನಿ ಅದು, ಬೇಸರವಿಲ್ಲ, ದುಃಖವೂ ಇಲ್ಲ.

ಹಗ್ಗವನ್ನು ಇಂಚಿಂಚಾಗಿ ಬಿಡುತ್ತಾ ಪೆಟ್ಟಿಗೆ ಇಳಿಯಿತು. ಭಾರ ಅಂಗೈಯನ್ನು ಸುಡುತ್ತಿತ್ತು. ಇದಾದ ಕೂಡಲೇ ಗೇಟಿನ ಬಳಿ ನಿಂತಿರುವ ಹೆಂಡತಿಯ ಹತ್ತಿರ ಹೋಗಬೇಕು, ಮೊದಲು ಫೋನು, ಹೆಡ್ ಮಿಸ್ಸು ಆಮೇಲೆ ಎಂದುಕೊಂಡ ಲಾರಿ. ಹಾಗೆ ಅಂದುಕೊಂಡದ್ದಕ್ಕೇ ಅವನಿಗೆ ಸ್ವಲ್ಪ ಹೆಮ್ಮೆಯಾಯಿತು.

ಮೌನ ಹೆಡ್ ಮಿಸ್ಸಿಗೆ ಆಗಿಬರುವುದಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದರು.

"ಮೇಷ್ಟ್ರು ಮೂವತ್ತು ವರ್ಷ ಪ್ರೀತಿಯಿಂದ ಬೆಳೆಸಿದ ತಂಡ ಇದು," ಎಂದು ಶುರುಮಾಡಿದರು. ಮೇಷ್ಟ್ರ ಹೆಂಡತಿ ತಲೆ ತಗ್ಗಿಸಿದರು. "ಅವರ ಆತ್ಮಕ್ಕೆ ಸಮಾಧಾನ ಆಗೋ ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇವತ್ತಿನಿಂದ ತಂಡದ ಪೂರ್ತಿ ಜವಾಬ್ದಾರಿ ನಮ್ಮ ಚಿಕ್ಕ ಮೇಷ್ಟ್ರದ್ದು. ನಾನು ಕೇಳೋಕೆ ಮುಂಚೆ ಅವರಾಗೇ ನನ್ನ ಹತ್ತಿರ ಬಂದ್ರು. ಬಾಯಲ್ಲಿ ಮಾತು ಹೊರಡಲಿಲ್ಲ ಅವರಿಗೆ. ನನಗೆ ಅರ್ಥ ಆಯ್ತು."

ಹುಡುಗರ ಸಾಲಿನಲ್ಲಿ ಒಬ್ಬ ಚಪ್ಪಾಳೆ ತಟ್ಟಿದ. ಸ್ಮಶಾನದಲ್ಲಿ ಚಪ್ಪಾಳೆ ತಟ್ಟಬಾರದೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬ ತಟ್ಟಿದ. ಹದಿನಾರೂ ಹುಡುಗರು ತಟ್ಟಿದರು. ದೊಡ್ಡವರು ಒಬ್ಬರನ್ನೊಬ್ಬರು ನೋಡಿ, ಮಕ್ಕಳು ಒಂಟಿಯಾಗಬಾರದೆಂದು ತಾವೂ ಸೇರಿಕೊಂಡರು. ತೆರೆದ ಗುಂಡಿಯ ಸುತ್ತ ಚಪ್ಪಾಳೆ. ಗೋಲ್‌ಕೀಪರ್ ಹುಡುಗ ಅಳುತ್ತಾ, ನಗುತ್ತಾ ಲಾರಿಯನ್ನೇ ನೋಡುತ್ತಿದ್ದ. ಇಲ್ಲ ಎಂದು ಕೈ ಎತ್ತಬೇಕಿತ್ತು. ಎರಡೂ ಕೈಯಲ್ಲಿ ಹಗ್ಗವಿತ್ತು, ಹಗ್ಗದಲ್ಲಿ ಮೇಷ್ಟ್ರಿದ್ದರು.

ಗೇಟಿನ ಬಳಿ ಹೆಂಡತಿ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಒಂದು ಕೈ ಅವನತ್ತ ಚಾಚಿತ್ತು, ಅದರಲ್ಲಿ ಫೋನು ಬೆಳಗುತ್ತಿತ್ತು. ಅವಳೇ ನಂಬರು ಒತ್ತಿಬಿಟ್ಟಿದ್ದಳು. ಆ ಕಡೆಯವರು ಎತ್ತಿರಬೇಕು. ಅವಳು ಫೋನಿಗೆ ಏನೋ ಹೇಳಿ ಮತ್ತೆ ಕೈ ಚಾಚಿದಳು.

ಪೆಟ್ಟಿಗೆ ತಳ ಮುಟ್ಟಿತು. ತಲೆಯ ಕಡೆ ಗಣಿತದ ಮೇಷ್ಟ್ರು ಬಿಟ್ಟರು, ಚಾಲಕ ತನ್ನತ್ತ ಹಗ್ಗ ಎಳೆದು ಸುತ್ತಿಕೊಂಡ.

"ಈ ಕಡೆಯವರು ಬಿಡಿ ಸಾರ್," ಎಂದ ಗುಂಡಿ ತೋಡಿದವನು. "ಇಳೀತು. ಒಬ್ರು ಬಿಟ್ರೆ ತಾನೇ ಇನ್ನೊಬ್ರು ಎಳ್ಕೊಳ್ಳೋದು?"

ಹುಡುಗರು ಇನ್ನೂ ತಟ್ಟುತ್ತಿದ್ದರು. ಕ್ಯಾಪ್ಟನ್ ಆಚೆ ಬದಿಯಿಂದ ಅವನ ಮುಖ ನೋಡಿದ. "ಬಿಡೋ," ಎಂದ ಮೆಲ್ಲಗೆ, "ಬಿಡೋ ಮಾರಾಯ," ಮತ್ತು ಹಗ್ಗವನ್ನು ತನ್ನ ಕಡೆಗೆ ಜಗ್ಗಿದ.

ಲಾರಿ ಹಿಮ್ಮಡಿ ಊರಿ ಹಿಂದಕ್ಕೆ ಎಳೆದುಕೊಂಡ. ಹಗ್ಗ ಬಿಗಿಯಿತು. ಕೆಳಗೆ, ಮೇಷ್ಟ್ರ ಕಾಲಿನ ಕಡೆ, ಪೆಟ್ಟಿಗೆ ನೆಲದಿಂದ ಒಂದಂಗುಲ ಮೇಲೆದ್ದಿತು.